ಭರಣಿ ತಾಕಿನ ತಂಗಿ ಗಿಡಗಳು

ಚಿಕ್ಕಯ್ಯನಛತ್ರದ ಸಮುದಾಯ ಭವನದಲ್ಲಿ ಈ ಏಪ್ರಿಲ್ ಕೊನೆಯ ವಾರ ರೈತರ ಸಭೆಯೊಂದಿತ್ತು. ಹತ್ತಿಯನ್ನು ಯಾವಾಗ ಬಿತ್ತಬೇಕು ಎಂಬುದು ನನಗೆ ಕೊಟ್ಟ ವಿಷಯ. ಪ್ರತಿವರ್ಷ ಅದನ್ನೇ ಕೊಡುತ್ತಾರೆ. ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟು, ಮುಕ್ಕಾಲು ಗಂಟೆ ಮಾತಾಡಿ, ವೈರು ಸುತ್ತಿಡುತ್ತಿದ್ದಾಗ ತಲೆಗೆ ಟವೆಲು ಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

"ಸಾ, ಕವಲಂದೇಲಿ ನಿಮ್ ಅತ್ತಿ ಊವ್ಗೆ ದಾರ ಕಟ್ತಿತ್ತಲ್ಲ ಆ ಯಮ್ಮ, ಓಗ್ಬುಡ್ತು ಕಣ್ಸಾ. ಯುಗಾದಿ ಕಳ್ದು ಎಂಟ್ ದಿನುಕ್ಕೆ."

ಏನಾಗಿತ್ತು ಎಂದು ಕೇಳಿದೆ.

"ಏನಾಯ್ತದೆ? ವಯಸ್ಸಾಗಿತ್ತು, ಮಲ್ಗಿದ್ದಂಗೇ ಓಯ್ತು. ನೀವು ಗೋಡೆ ಮ್ಯಾಲೆ ಒಂಟೆ ಡುಬ್ಬದಂಗೆ ಒಂದು ಗೆರೆ ತೋರುಸ್ತಿದ್ರಲ್ಲ, ಅದ ನೋಡಿ ಗ್ಯಾಪ್ಕ ಬಂತು. ಆ ಡುಬ್ಬ ಎಣ್ಸಿದ್ದು ಅವ್ಳೇ ಅಲ್ವಾ?"

ಹೌದು ಎಂದೆ. ಅವರು ಟವೆಲು ಕೊಡವಿಕೊಂಡು ಊಟದ ಸಾಲಿಗೆ ಹೋದರು. ಆ ಡುಬ್ಬ ಎಣಿಸಿದವರು ಯಾರೆಂದು ನನ್ನನ್ನು ಆವರೆಗೆ ಯಾರೂ ಕೇಳಿರಲಿಲ್ಲ.

ಡುಬ್ಬದ ವಿಷಯ ಮೊದಲು ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ, ಕೃಷಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ, ಕವಲಂದೆಯ ಹೊರಗೆ ರೈಲು ಹಳಿಯ ಪಕ್ಕದ ಒಂದು ಎರೆ ಹೊಲವನ್ನು ಹಿಡಿದು ಪ್ರಯೋಗ ಮಾಡಿದೆ. ಒಂದೇ ತಳಿಯ ಹತ್ತಿ, ಮೂರು ತಾಕು, ಮೂರು ಬಿತ್ತನೆ ದಿನ. ಮೊದಲ ತಾಕಿಗೆ ಭರಣಿ ಮಳೆಯಲ್ಲಿ, ಏಪ್ರಿಲ್ ಮುಗಿಯುವಾಗ ಬೀಜ ಊರಿದೆವು. ಎರಡನೆಯದಕ್ಕೆ ಅದಾಗಿ ಮೂರು ವಾರ ಬಿಟ್ಟು ಕೃತ್ತಿಕೆಯಲ್ಲಿ, ಮೂರನೆಯದಕ್ಕೆ ಇನ್ನೂ ಮೂರು ವಾರ ಬಿಟ್ಟು ಮೃಗಶಿರೆಯಲ್ಲಿ. ಹತ್ತಿ ಗಿಡ ನಮ್ಮ ಹಾಗೆ ದಿನ ಎಣಿಸುವುದಿಲ್ಲ, ತನಗೆ ಸಿಕ್ಕ ಬಿಸಿಯನ್ನು ಎಣಿಸುತ್ತದೆ. ಬೇಗ ಬಿತ್ತಿದರೆ ಬೇಗ ಹೂ ಬಿಡುತ್ತದೆ, ಆದರೆ ಕಾಯಿ ಒಡೆಯುವ ಹೊತ್ತಿಗೆ ಮಳೆಗೆ ಸಿಕ್ಕಿ ಕೊಳೆಯಬಹುದು. ತಡವಾಗಿ ಬಿತ್ತಿದರೆ ಕೊನೆಯ ಕಾಯಿಗಳು ಚಳಿಗೆ ಸಿಕ್ಕಿ ಬಲಿಯದೆ ಗಟ್ಟಿಯಾಗಿ ನಿಲ್ಲಬಹುದು. ಯಾವುದು ಮೇಲು ಎಂದು ನೋಡುವುದು ನನ್ನ ಕೆಲಸ. ನೋಡಿದಾಗ ಭರಣಿ ತಾಕಿನಲ್ಲಿ ಹೂವು ಎರಡು ಸಲ ಉಕ್ಕಿತ್ತು, ಎಣಿಕೆಯ ಗೆರೆಯಲ್ಲಿ ಎರಡು ಡುಬ್ಬ. ಮೊದಲ ಉಕ್ಕಿನ ಕಾಯಿ ಮಳೆಗೆ ಹಾಳಾದರೂ ಎರಡನೆಯ ಉಕ್ಕಿನದು ಉಳಿಯುತ್ತದೆ, ಆದ್ದರಿಂದ ಬೇಗ ಬಿತ್ತುವುದೇ ಕ್ಷೇಮ ಎಂದು ಬರೆದೆ. ಆ ಮಾತಿನ ಮೇಲೆ ಪದವಿ ಬಂತು, ಆಮೇಲೆ ಕೆಲಸ, ಆಮೇಲೆ ನನ್ನ ಹೆಸರಿನ ಕರಪತ್ರ.

ಆ ಎರಡನೆಯ ಡುಬ್ಬ ಭರಣಿಯಲ್ಲಿ ಬಿತ್ತಿದ ಗಿಡಗಳದ್ದೇ ಅಲ್ಲ ಎಂಬ ಅನುಮಾನ ನನಗೆ ಕೆಲವು ವರ್ಷಗಳಿಂದ ಇದೆ. ಮೊಳೆಯದೆ ಖಾಲಿ ಬಿದ್ದ ಜಾಗಗಳಿಗೆ ಆಮೇಲೆ ಯಾರೋ ಬೀಜ ಊರಿದ್ದರು. ಯಾರೋ ಎಂದರೆ ಆ ದಾರ ಕಟ್ಟುತ್ತಿದ್ದವರೇ. ಬೇರೆ ಯಾರೂ ಅಲ್ಲಿ ಇರಲಿಲ್ಲ. ಸಾಲಿನಲ್ಲಿ ಖಾಲಿ ಕಂಡರೆ ಬೀಜ ಊರುವುದು ಹೊಲದವರಿಗೆ ಕೆಲಸ, ನಮ್ಮಂಥವರಿಗೆ ಪ್ರಯೋಗ ಕೆಡಿಸುವುದು. ಅದಕ್ಕಾಗಿ ಅವರನ್ನು ನಾನು ಯಾವತ್ತೂ ತಪ್ಪುಗಾರರೆಂದುಕೊಂಡಿಲ್ಲ. ನನಗೆ ತಿಳಿಯಬೇಕಿದ್ದದ್ದು ಬೇರೆ. ಅವರು ಅದನ್ನು ನನಗೆ ಹೇಳಿದ್ದರೇ? ಹೇಳಿರದಿದ್ದರೆ ನಾನು ಕಣ್ಣಿದ್ದೂ ಕಾಣದವನು, ಅಷ್ಟೆ. ಹೇಳಿದ್ದರೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು. ಇದನ್ನು ತಿಳಿದಿದ್ದವರು ಪ್ರಪಂಚದಲ್ಲಿ ಇಬ್ಬರೇ. ಒಬ್ಬರು ಹೋದರು. ಉಳಿದ ಒಬ್ಬನ ನೆನಪನ್ನು ನಾನು ನಂಬುವುದಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಗೈಡ್ ಹೆಸರಿದೆ, ಹೊಲದ ಮಾಲೀಕರ ಹೆಸರಿದೆ, ಟೈಪು ಮಾಡಿದವನ ಹೆಸರೂ ಇದೆ. ಅಲ್ಲಿ ಹಾಕದ ಹೆಸರನ್ನು ಇಲ್ಲಿ ಹಾಕಿ ಒಳ್ಳೆಯವನಾಗುವುದು ಬೇಡ. ನನ್ನ ಹೊಲದ ಪುಸ್ತಕದಲ್ಲಿ ಅವರು ದಿನಾ ಬರುತ್ತಾರೆ, ಆದರೆ "ಹೆಣ್ಣಾಳು ೧" ಎಂದು.

ಮೊದಲ ದಿನ ಅವರು ಕೇಳಿದ್ದು ನನ್ನ ಊರು ಯಾವುದು ಎಂದು. ಹೆಮ್ಮಿಗೆ ಎಂದೆ.

"ಓ, ನರಸೀಪುರದ ಕಡೆ! ಕಾಲ್ವೆ ನೀರಿನೋರು." ಸೊಂಟದ ಮೇಲೆ ಕೈಯಿಟ್ಟು ನನ್ನ ಹೊಸ ಶೂಗಳನ್ನು ನೋಡಿದರು. "ಗದ್ದೆಯೋರ್ಗೆ ಅತ್ತಿ ಏನ್ ಗೊತ್ತು ಸಾ? ನಿಮ್ಮಲ್ಲಿ ನೀರು ಬುಟ್ಟು ಮಲೀಕೊಂಡ್ರೆ ಭತ್ತ ತಾನೇ ಬೆಳ್ಕೊತದೆ."

ಅಂದಿನಿಂದ ನಾನು 'ಗದ್ದೆ ಸಾ'. ನನಗೆ ಆಗ ಇಪ್ಪತ್ತಮೂರು, ಅವರಿಗೆ ಐವತ್ತರ ಮೇಲೆ. ನಾನು ಅಕ್ಕ ಎನ್ನುತ್ತಿದ್ದೆ. ಅವರು ಸಾ ಎನ್ನುವುದನ್ನು ಬಿಡಲಿಲ್ಲ, ಆದರೆ ಆ ಸಾ ಎಂಬುದರಲ್ಲಿ ಗೌರವಕ್ಕಿಂತ ಕೀಟಲೆ ಜಾಸ್ತಿ ಇತ್ತು.

ದಾರ ಕಟ್ಟುವ ಕೆಲಸವೆಂದರೆ ಇದು. ಹತ್ತಿ ಹೂವು ಬಿರಿದ ದಿನ ಬೆಳ್ಳಗಿರುತ್ತದೆ, ಮಾರನೆಯ ದಿನ ಕೆಂಪಾಗುತ್ತದೆ, ಆಮೇಲೆ ಬಾಡಿ ಬೀಳುತ್ತದೆ. ಅಂದಂದು ಬಿರಿದ ಬಿಳಿ ಹೂವಿನ ತೊಟ್ಟಿಗೆ ಅಂದೇ ದಾರ ಕಟ್ಟಬೇಕು. ಒಂದೊಂದು ವಾರಕ್ಕೆ ಒಂದೊಂದು ಬಣ್ಣ. ಹೂವು ಹೋದ ಮೇಲೂ ಕಾಯಿಯ ತೊಟ್ಟಿನಲ್ಲಿ ದಾರ ಇರುತ್ತದೆ, ಯಾವ ಕಾಯಿ ಯಾವ ವಾರದ ಹೂವಿನದು ಎಂದು ಆಮೇಲೆ ಗೊತ್ತಾಗುತ್ತದೆ. ಅವರು ದಾರದ ಉಂಡೆಯನ್ನು ರವಿಕೆಗೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಕೊಂಬೆ ಹಿಡಿದು, ಬಲಗೈಯ ಎರಡೇ ಬೆರಳಲ್ಲಿ ಗಂಟು ಹಾಕಿ, ಹಲ್ಲಿನಿಂದ ಕತ್ತರಿಸುತ್ತಿದ್ದರು. ನೀಲಿ ದಾರದ ವಾರದಲ್ಲಿ ತುಟಿ ನೀಲಿ, ಹಸಿರಿನ ವಾರದಲ್ಲಿ ಹಸಿರು. ಎಲೆಯಡಿಕೆಯ ಕೆಂಪಿನ ಮೇಲೆ ಅದೂ ಸೇರಿ ಬಾಯಿ ವಿಚಿತ್ರವಾಗಿ ಕಾಣುತ್ತಿತ್ತು. ಒಂದು ದಿನ ನಾನು ನಕ್ಕೆ.

"ನಗಿ ಸಾ, ನಗಿ. ನಿಮ್ ಪರೀಕ್ಸೆ ನನ್ ಮೂತೀಲಿ ಅದೆ."

ಬೆಳಗಿನ ಚಾಮರಾಜನಗರದ ಪ್ಯಾಸೆಂಜರು ಹೋದ ಮೇಲೆ ಶುರು ಮಾಡುತ್ತಿದ್ದರು. ಅದಕ್ಕೆ ಮುಂಚೆ ಹೂವು ಪೂರ್ತಿ ಬಿರಿದಿರುವುದಿಲ್ಲ ಎಂದು ಅವರ ಹಟ. ರೈಲು ತಡವಾದರೆ ಕಾಯುತ್ತಿದ್ದರು. "ಹೂವು ರೈಲು ನೋಡಿ ಬಿರಿಯುತ್ತದೇನಕ್ಕ?" ಎಂದರೆ, "ಗಾರ್ಡು ಬಾವುಟ ತೋರುಸ್ಬೇಕಲ್ಲ" ಎನ್ನುತ್ತಿದ್ದರು.

ಎಣಿಕೆಯಲ್ಲೂ ಅವರದೇ ರೀತಿ. ಹದಿನೈದು ಹೂವಿದ್ದರೆ ಹದಿನೈದು ಎನ್ನುತ್ತಿರಲಿಲ್ಲ. "ಏಳು ಜತೆ, ಒಂದು ಒಂಟಿ" ಎಂದು ಸಾಲಿನ ಆ ತುದಿಯಿಂದ ಕೂಗುತ್ತಿದ್ದರು. ನಾನು ಈ ತುದಿಯಲ್ಲಿ ಲೆಕ್ಕ ಮಾಡಿ ಬರೆಯುತ್ತಿದ್ದೆ. ಹಾಗೆಲ್ಲ ಬೇಡ, ನೇರ ಹೇಳಿ ಎಂದು ಒಮ್ಮೆ ರೇಗಿದೆ. "ಅಂಗಾದ್ರೆ ಒಂಟಿ ಯಾವ್ದು ಅಂತ ಎಂಗೆ ಗೊತ್ತಾಯ್ತದೆ?" ಎಂದು ಕೇಳಿದರು. ಯಾಕೆ ಗೊತ್ತಾಗಬೇಕು ಎಂದು ನನಗೆ ತಿಳಿಯಲಿಲ್ಲ. ಅವರಿಗೂ ವಿವರಿಸಲು ಆಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದೆವು.

ಹಳ್ಳಿಯ ಹಿರಿಯರ ಜ್ಞಾನದ ಬಗ್ಗೆ ಬರೆಯುವವರು ಅದನ್ನು ಯಾವಾಗಲೂ ಗೆಲ್ಲಿಸುತ್ತಾರೆ. ನಾನು ಹಾಗೆ ಮಾಡಲಾರೆ. ಬಿತ್ತುವ ಮುಂಚೆ ಅವರು ಕಾಲಿನ ಹೆಬ್ಬೆಟ್ಟನ್ನು ಮಣ್ಣಿಗೆ ಊರಿ, ಕಣ್ಣು ಮುಚ್ಚಿ, "ಇನ್ನೂ ಬೆಚ್ಗಾಗ್ಬೇಕು" ಎಂದೋ "ಈಗ ಸರಿ" ಎಂದೋ ಹೇಳುತ್ತಿದ್ದರು. ನನ್ನ ಹತ್ತಿರ ಮಣ್ಣಿನ ಥರ್ಮಾಮೀಟರ್ ಇತ್ತು. ಅವರ ಹೆಬ್ಬೆಟ್ಟನ್ನು ಪರೀಕ್ಷಿಸಿದೆ. ಅದು ಸರಿಯಾದದ್ದಕ್ಕಿಂತ ತಪ್ಪಿದ್ದೇ ಹೆಚ್ಚು. ಹೇಳಿದಾಗ ಕಾಲೆತ್ತಿ ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿದರು. "ವಯಸ್ಸಾಯ್ತು ಇದುಕ್ಕೆ. ನಿಮ್ ಗಾಜಿನ ಕಡ್ಡೀನೇ ಕೇಳಿ" ಎಂದು ಅಂದಿನಿಂದ ನಿಜಕ್ಕೂ ಕಡ್ಡಿಯನ್ನೇ ಕೇಳತೊಡಗಿದರು. ತಪ್ಪನ್ನು ಅಷ್ಟು ಹಗುರವಾಗಿ ಒಪ್ಪಿಕೊಳ್ಳುವವರನ್ನು ಆಮೇಲೆ ನನ್ನ ಕಚೇರಿಗಳಲ್ಲಿ ಕಂಡಿಲ್ಲ.

ಅವರು ಗಂಡನನ್ನು ಬಿಟ್ಟು ತಮ್ಮನ ಮನೆಗೆ ಬಂದಿದ್ದರು. "ಗಂಡ ಬುಟ್ಟೋಳು ಅಂತಾರೆ ಊರಲ್ಲಿ. ಬುಟ್ಟಿದ್ದು ಅವ್ನಲ್ಲ, ನಾನು. ಅದ ಮಾತ್ರ ಸರ್ಯಾಗಿ ಬರ್ಕೊಳಿ" ಎಂದಿದ್ದರು, ನಾನು ಬರೆಯುವುದೆಲ್ಲ ಊರಿನ ಕತೆ ಎಂಬಂತೆ. ತಮ್ಮನ ಮನೆಯ ಪಕ್ಕಕ್ಕೇ ಶೀಟಿನ ಒಂದು ಕೋಣೆ. ಬಾಗಿಲ ಮೇಲೆ ಬುದ್ಧನ ಪಟ. ಭಾಗಕ್ಕೆ ಬಂದ ಅರ್ಧ ಎಕರೆ. ಸಂಜೆ ಕೆಲಸ ಮುಗಿದ ಮೇಲೆ ಹಳಿಯ ದಿಬ್ಬದ ಮೇಲೆ ಒಬ್ಬರೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಜೊತೆಗೆ ಕೂರಲೇ ಎಂದು ನಾನು ಕೇಳಲಿಲ್ಲ, ಅವರೂ ಕರೆಯಲಿಲ್ಲ. ನಾನು ಬಾಡಿಗೆಯ ಕೋಣೆಗೆ ಹೋಗಿ ಸಂಖ್ಯೆಗಳನ್ನು ಶುದ್ಧ ಪ್ರತಿ ಮಾಡುತ್ತಿದ್ದೆ. ಆ ಎಂಟು ತಿಂಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನು ಮಾತಾಡಿದ್ದು ಅವರೊಬ್ಬರ ಜೊತೆ, ಬಹುಶಃ ಅವರು ನನ್ನೊಬ್ಬನ ಜೊತೆ. ಅದನ್ನು ಸ್ನೇಹವೆನ್ನಬಹುದು ಎಂದು ಆಗ ಹೊಳೆಯಲಿಲ್ಲ.

ಮೊದಮೊದಲು ನಾನು ಕೋಣೆಯಿಂದ ಎರಡು ಬಾಟಲಿ ನೀರು ತರುತ್ತಿದ್ದೆ. ಅವರ ಮನೆ ಇನ್ನೂರು ಹೆಜ್ಜೆಯಲ್ಲಿತ್ತು. ಅವರು ಬಾಟಲಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಮುಗುದ್ಮ್ಯಾಲೆ ಬನ್ನಿ" ಎಂದರು, ಅಷ್ಟೆ. ನಾವು ಭೂಮಿಯಿರುವ ಮನೆತನದವರು, ಅವರದು ಯಾವ ಬೀದಿ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಆ ಮನೆಯಲ್ಲಿ ಹುರುಳಿ ಸಾರು, ಮುದ್ದೆ ಉಂಡ ನೆನಪಿದೆ. ಬಿಸಿ ಮುದ್ದೆ, ಅಲ್ಯೂಮಿನಿಯಂ ತಟ್ಟೆ, ತಟ್ಟೆಯ ಅಂಚಿನ ಸೊಟ್ಟು ಕೂಡ ನೆನಪಿದೆ. ಆದರೆ ನಿಜಕ್ಕೂ ಉಂಡಿದ್ದೆನೋ, ಉಂಡಿರಬೇಕಿತ್ತು ಎಂದು ವರ್ಷಗಟ್ಟಲೆ ಆಸೆಪಟ್ಟು ಅದೇ ನೆನಪಾಗಿದೆಯೋ ಹೇಳಲಾರೆ. ಸೊಟ್ಟ ತಟ್ಟೆಯನ್ನು ಯಾರ ಮನೆಯಿಂದ ಬೇಕಾದರೂ ತಂದಿಟ್ಟುಕೊಳ್ಳಬಹುದು.

ಇಂಥ ನೆನಪನ್ನು ಇಟ್ಟುಕೊಂಡು ಆ ಖಾಲಿ ಜಾಗಗಳ ವಿಷಯಕ್ಕೆ ಬರಬೇಕು.

ನಡೆದದ್ದರಲ್ಲಿ ಗಟ್ಟಿಯಾಗಿರುವುದು ಇಷ್ಟು. ಭರಣಿ ತಾಕಿಗೆ ಬೀಜ ಊರಿದ ಮೇಲೆ ಹದಿನೈದು ದಿನ ಮಳೆ ಇಲ್ಲ. ಮೇಲ್ಮಣ್ಣು ಹೆಂಚಿನ ಹಾಗೆ ಗಟ್ಟಿಯಾಯಿತು. ಮೊಳಕೆ ಅಲ್ಲಲ್ಲಿ ಬಂತು, ಅಲ್ಲಲ್ಲಿ ಇಲ್ಲ. ಅಷ್ಟರಲ್ಲಿ ನನಗೆ ಕಾಮಾಲೆಯಾಗಿ ಹೆಮ್ಮಿಗೆಗೆ ಹೋಗಿ ಪಥ್ಯ ಮಾಡಿಕೊಂಡು ಮಲಗಿದೆ. ಎರಡನೆಯ ತಾಕಿನ ದಿನ ಬಂದಾಗಲೂ ನಾನು ಮಲಗಿಯೇ ಇದ್ದೆ. ಫೋನಿನಲ್ಲಿ ಹೇಳಿದೆ, ಅವರು ಗುರುತು ಮಾಡಿದ ಜಾಗದಲ್ಲಿ ಬೀಜ ಊರಿದರು. ತಿಂಗಳ ಕೊನೆಗೆ ಬಂದು ನೋಡಿದರೆ ಎರಡೂ ತಾಕು ತುಂಬಿ ನಿಂತಿದ್ದವು. ಭರಣಿ ತಾಕಿನಲ್ಲಿ ಒಂದೂ ಖಾಲಿ ಜಾಗವಿಲ್ಲ. ಖುಷಿಯಾಯಿತು.

ಇಷ್ಟರಲ್ಲೇ ಎಲ್ಲ ಇದೆ. ಖಾಲಿಯಿದ್ದದ್ದನ್ನು ಕಂಡುಹೋದವನು ತುಂಬಿದ್ದನ್ನು ಕಂಡು ಖುಷಿಪಟ್ಟನೇ ಹೊರತು ಹೇಗೆ ತುಂಬಿತು ಎಂದು ಕೇಳಲಿಲ್ಲ. ಅಥವಾ ಕೇಳಿದೆನೇ?

ನನ್ನ ತಲೆಯಲ್ಲಿ ಒಂದು ಚಿತ್ರವಿದೆ. ಅವರು ಭರಣಿ ತಾಕಿನ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು, ಎರಡೆಲೆಯ ಸಣ್ಣ ಗಿಡವೊಂದರ ಬುಡಕ್ಕೆ ಮಣ್ಣು ಸರಿಸುತ್ತಾ, ತಲೆಯೆತ್ತದೆ ಹೇಳುತ್ತಾರೆ: "ಇವು ತಂಗೀರು ಸಾ. ಅಕ್ದೀರ ಜತ್ಗೆ ನಿಲ್ಸಿವ್ನಿ." ನಾನು ಹೂಂ ಎನ್ನುತ್ತೇನೆ, ಅಥವಾ ಏನೂ ಎನ್ನುವುದಿಲ್ಲ.

ಚಿತ್ರ ಸ್ಪಷ್ಟವಾಗಿದೆ. ತೊಂದರೆಯೆಂದರೆ ಅದರಲ್ಲಿ ಅವರು ಹಸಿರು ಸ್ವೆಟರ್ ಹಾಕಿದ್ದಾರೆ. ಎರಡೆಲೆಯ ಗಿಡವಿದ್ದದ್ದು ಜೂನ್ ಮೊದಲಲ್ಲಿ. ಜೂನಿನಲ್ಲಿ ಕವಲಂದೆಯಲ್ಲಿ ಸ್ವೆಟರ್ ಯಾರು ಹಾಕುತ್ತಾರೆ? ಆ ಸ್ವೆಟರ್ ಡಿಸೆಂಬರಿನ ಕೊನೆಯ ಬಿಡಿಸುವಿಕೆಯದು. ಹಾಗಾದರೆ ಒಂದು ಚಿತ್ರಕ್ಕೆ ಇನ್ನೊಂದರ ಬಟ್ಟೆ ಹಾಕಿದ್ದೇನೆ. ಬಟ್ಟೆಯನ್ನು ಹಾಕಿದವನು ಮಾತನ್ನೂ ಹಾಕಿರಬಹುದಲ್ಲ.

ಹೊಲದ ಪುಸ್ತಕ ತೆರೆದು ನೋಡಿದ್ದೇನೆ. ನಾನು ಮರಳಿ ಬಂದ ದಿನದ ಎದುರು "ಬಿಸಿಲು, ಗಾಳಿ, ಹೆಣ್ಣಾಳು ೧" ಎಂದಿದೆ. ಭರಣಿ ತಾಕಿನಲ್ಲಿ ಎಷ್ಟು ಬೀಜ ಮೊಳೆಯಿತು ಎಂದು ಬರೆಯಬೇಕಾದ ಪುಟ ಖಾಲಿ. ಆದರೆ ಪ್ರಬಂಧದಲ್ಲಿ ಆ ಜಾಗಕ್ಕೆ ಒಂದು ಸಂಖ್ಯೆ ಇದೆ, ಒಳ್ಳೆಯ ಸಂಖ್ಯೆ. ಅದು ಎಲ್ಲಿಂದ ಬಂತು ಎಂದು ನನಗೆ ನೆನಪಿಲ್ಲ. ಎಣಿಸಿ ಬರೆದುಕೊಳ್ಳಲು ಮರೆತಿರಬಹುದು. ಎಣಿಸದೆ ಬರೆದಿರಬಹುದು. ಹೂವಿನ ಪುಟಗಳಲ್ಲಿ, ಅದೇ ತಾಕಿನ ಕೆಲವು ಗಿಡಗಳು ಮಿಕ್ಕವುಗಳಿಗಿಂತ ಸುಮಾರು ಮೂರು ವಾರ ತಡವಾಗಿ ಮೊದಲ ಹೂ ಬಿಟ್ಟಿವೆ. ಮಧ್ಯದವು ಇಲ್ಲ, ಒಂದೋ ಬೇಗ, ಇಲ್ಲವೇ ಮೂರು ವಾರ ತಡ. ನನ್ನ ವಿದ್ಯಾರ್ಥಿ ಇಂಥದ್ದನ್ನು ತಂದರೆ ಕೂರಿಸಿ ಕೇಳುತ್ತೇನೆ.

ಇನ್ನೊಂದು ವಿಷಯವನ್ನು ಆಗಲೇ ಗಮನಿಸಿದ್ದೆ, ಬೇರೆ ಅರ್ಥ ಮಾಡಿದ್ದೆ. ಪದವಿ ಬಂದ ಮರುವರ್ಷ ಕರಪತ್ರ ಹಿಡಿದುಕೊಂಡು ಕವಲಂದೆಗೆ ಹೋದೆ. ಮೇ ತಿಂಗಳ ಮೊದಲ ವಾರ. ಊರಿನ ನಾಲ್ಕಾರು ಜನ ನನ್ನ ಮಾತು ಕೇಳಿ ಆಗಲೇ ಬಿತ್ತಿದ್ದರು. ಅಕ್ಕನ ಅರ್ಧ ಎಕರೆ ಮಾತ್ರ ಖಾಲಿ.

"ಯಾಕಕ್ಕ, ನಮ್ಮ ಹೊಲದಲ್ಲೇ ನೋಡಿದ್ದೀರಿ, ಭರಣಿಗೆ ಬಿತ್ತಬಾರದೇ?"

"ನಂದು ರೋಹಿಣಿಗೇ ಬುಡಿ ಸಾ."

"ಯಾಕೆ?"

"ಅಂಗೇ." ಒಲೆಯ ಕಡೆ ತಿರುಗಿದರು. "ನಿಮ್ ಕಾಗ್ದ ಚೆನ್ನಾಗದೆ. ಬಣ್ಣ ಆಕ್ಸಿದ್ದೀರಿ."

ಮೇ ಕೊನೆಗೆ ಬರುವ ರೋಹಿಣಿ ಮಳೆ, ಹಳೆಯ ರೂಢಿ, ಬಿಡುವುದಿಲ್ಲ ಎಂದುಕೊಂಡೆ. ಅದನ್ನೇ ಒಂದೆರಡು ಭಾಷಣಗಳಲ್ಲಿ ಉದಾಹರಣೆಯಾಗಿಯೂ ಹೇಳಿದೆ, ಕಣ್ಣಾರೆ ಕಂಡವರೂ ನಂಬುವುದಿಲ್ಲ ಎಂದು. ಜನ ನಕ್ಕರು. ಆಮೇಲೆ ನಾನು ಅವರನ್ನು ಎರಡು ಮೂರು ಸಲ ನೋಡಿರಬಹುದು. ಒಂದು ಸಲವಂತೂ ಖಂಡಿತ. ನಂಜನಗೂಡಿನ ಬಸ್ ನಿಲ್ದಾಣದಲ್ಲಿ, ನೂಕುನುಗ್ಗಲಲ್ಲಿ, "ಗದ್ದೆ ಸಾ!" ಎಂದು ಯಾರೋ ಕೂಗಿದರು. ಅವರೇ. ಏನೋ ಹೇಳಬೇಕೆಂದು ಬಂದವರ ಹಾಗೆ ನನ್ನ ತೋಳು ಹಿಡಿದರು. "ಒಂದ್ಮಾತು ಕೇಳ್ಬೇಕಿತ್ತು ಸಾ" ಎಂದರು. ನನ್ನ ಬಸ್ಸು ಹೊರಡುತ್ತಿತ್ತು. ಮುಂದಿನ ವಾರ ಬರುತ್ತೇನಕ್ಕ ಎಂದು ಹತ್ತಿದೆ. ಹೋಗಲಿಲ್ಲ. ಏನು ಕೇಳಬೇಕಿತ್ತೋ, ಮಾಸಾಶನದ ಅರ್ಜಿಯದೇನಾದರೂ ಇರಬೇಕು ಎಂದುಕೊಂಡಿದ್ದೆ.

ಸಾವಿನ ಸುದ್ದಿ ತಿಳಿದ ಮೇಲೆ ಕವಲಂದೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ನರಸೀಪುರದಲ್ಲಿ ನಾನೊಬ್ಬನೇ ಇರುವ ಮಹಡಿ ಮನೆಯಲ್ಲಿ ಭಾನುವಾರಗಳು ಉದ್ದ. ಪ್ರತಿ ಭಾನುವಾರ ಬೆಳಿಗ್ಗೆ ಹೊರಡಬೇಕೆಂದುಕೊಂಡು, ಪುಸ್ತಕ ತೆರೆದು, ಆ ಖಾಲಿ ಪುಟ ನೋಡಿ, ಮಧ್ಯಾಹ್ನವಾಗಿ, ಇನ್ನು ಬಸ್ಸಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಬಸ್ಸು ಸಂಜೆಯವರೆಗೂ ಇರುತ್ತದೆ. ಕೊನೆಗೆ ಜೂನ್ ಕೊನೆಯಲ್ಲಿ ಹೋದೆ.

ಶೀಟಿನ ಕೋಣೆಗೆ ಬೀಗ. ಪಕ್ಕದ ಮನೆಯಿಂದ ಬಂದವಳು ಅವರ ತಮ್ಮನ ಮಗಳು. ಮೂವತ್ತರ ಆಸುಪಾಸು, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಅಂದು ರಜೆ. ನಾನು ಹೆಸರು ಹೇಳಿದೆ. ಅವಳಿಗೆ ಗೊತ್ತಾಗಲಿಲ್ಲ. ಹತ್ತಿ ಪ್ರಯೋಗ ಎಂದೆ.

"ಓ, ಗದ್ದೆ ಸಾ!" ಎಂದಳು. ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಸಾರಿ ಸಾ. ಅತ್ತೆ ಹಂಗೇ ಅನ್ನೋರು, ನಮ್ಗೂ ಅದೇ ಅಭ್ಯಾಸ."

ಪರವಾಗಿಲ್ಲ ಎಂದೆ. ಹೊಲ ನೋಡಬಹುದೇ ಎಂದು ಕೇಳಿದೆ. ಯಾಕೆ ಕೇಳಿದೆನೋ, ಬೀಗದ ಮುಂದೆ ನಿಲ್ಲಲು ಆಗಲಿಲ್ಲ.

ಅರ್ಧ ಎಕರೆಗೆ ಅವಳ ಅಪ್ಪ ಈ ಸಲವೂ ರೋಹಿಣಿಯಲ್ಲೇ ಹತ್ತಿ ಹಾಕಿದ್ದರು. ಗಿಡಗಳು ಗೇಣುದ್ದ ಎದ್ದಿದ್ದವು. ನಡುನಡುವೆ ಅಲ್ಲಲ್ಲಿ ಆಗತಾನೆ ಎರಡೆಲೆ ಬಿಚ್ಚಿದ ಸಣ್ಣವು. ಅವಳು ನನ್ನ ಮುಂದೆ ಬದುವಿನ ಮೇಲೆ ನಡೆಯುತ್ತಿದ್ದಳು. ನನ್ನ ಕಾಲು ಸಾಲಿನೊಳಗೆ ಬಿದ್ದಾಗ ತಿರುಗಿ ನೋಡಿ, "ನೋಡ್ಕೊಂಡು ಸಾ, ತಂಗೀರ್ನ ತುಳಿದೀರಿ" ಎಂದಳು.

ನಾನು ಅಲ್ಲೇ ನಿಂತೆ.

"ಏನಂದೆಯಮ್ಮ?"

"ಆಮೇಲೆ ಹಾಕಿದ ಗಿಡ ಸಾ, ಖಾಲಿ ಜಾಗಕ್ಕೆ. ನಮ್ಮನೇಲಿ ತಂಗಿ ಗಿಡ ಅಂತೀವಿ."

"ಊರಲ್ಲೆಲ್ಲ ಹಾಗೇ ಅನ್ನುತ್ತಾರಾ?"

"ಇಲ್ಲಪ್ಪ, ಊರಲ್ಲಿ ಯಾರೂ ಅನ್ನಲ್ಲ. ಅತ್ತೆ ಇಟ್ಟಿದ್ದ ಹೆಸ್ರು."

ಹಳಿಯ ಮೇಲೆ ಆ ಹೊತ್ತಿನಲ್ಲಿ ಏನೂ ಇರಲಿಲ್ಲ. ಗಾಳಿ ಮಾತ್ರ. ಸ್ವೆಟರ್ ತಪ್ಪಿರಬಹುದು, ತಿಂಗಳು ತಪ್ಪಿರಬಹುದು. ಆದರೆ ಬೇರೆ ಯಾರ ಬಾಯಲ್ಲೂ ಇಲ್ಲದ ಆ ಹೆಸರನ್ನು ನಾನು ಕಟ್ಟಿಕೊಂಡಿರಲು ಸಾಧ್ಯವಿಲ್ಲ. ನನ್ನ ಮನೆಯಲ್ಲಿ ಹತ್ತಿಯೇ ಇರಲಿಲ್ಲ. ಅದನ್ನು ನಾನು ಅವರ ಬಾಯಿಂದಲೇ ಕೇಳಿದ್ದೆ. ಅವರು ಹೇಳಿದ್ದರು. ಗುಟ್ಟು ಬಿಚ್ಚಿಡುವ ಹಾಗೆ ಅಲ್ಲ, ಗಿಡಕ್ಕೆ ಮಣ್ಣು ಕೊಡುತ್ತಾ, ಮಾಡಿದ ಕೆಲಸವನ್ನು ಹೇಳುವ ಹಾಗೆ. ನಾನು ಕೇಳಿಸಿಕೊಂಡು ಮುಂದಿನ ಸಾಲಿಗೆ ಹೋಗಿದ್ದೆ.

ಅವಳು ಬದುವಿನ ಮೇಲೆ ಕೂತಳು. ನಾನು ನಿಂತೇ ಇದ್ದೆ.

"ಸಾ, ಒಂದು ಕೇಳ್ಲಾ? ಅತ್ತೆ ನಿಮ್ಮನ್ನೇ ಕೇಳ್ಬೇಕು ಅಂತಿದ್ರು. ನಿಮ್ಮ ಮೇಷ್ಟ್ರು ಬಂದಿದ್ರಂತಲ್ಲ ಒಂದಿನ, ಕಾರಲ್ಲಿ, ಹೊಲ ನೋಡೋಕೆ?"

ಬಂದಿದ್ದರು. ಕೊಯ್ಲಿನ ಸಮಯ. ಗೈಡ್ ಜೊತೆ ಕಿರಿಯ ವಿದ್ಯಾರ್ಥಿಗಳೂ ಇದ್ದರು. ಆ ದಿನ ಅಕ್ಕ ಕೆಲಸಕ್ಕೆ ಬಂದಿರಲಿಲ್ಲ ಎಂದು ನನ್ನ ನೆನಪು.

"ಅತ್ತೆ ಅವ್ರಿಗೆ ಕೊಡೆ ಹಿಡ್ಕೊಂಡು ನಿಂತಿದ್ರಂತೆ, ಬಿಸ್ಲು ಅಂತ. ಅವ್ರು ಹುಡುಗ್ರಿಗೆ ಹೇಳಿದ್ರಂತೆ, ಆಮೇಲೆ ಹಾಕಿದ ಗಿಡ ಒಂದು ಸೇರಿದ್ರೂ ಪರೀಕ್ಷೆ ಪೂರ್ತಿ ಸುಳ್ಳು ಅಂತ. ಅತ್ತೆ ಕೊಡೆ ಹಿಡ್ಕೊಂಡೇ ಕೇಳುಸ್ಕೊಂಡ್ರಂತೆ. ಅವತ್ತಿಂದ ಶುರುವಾಯ್ತು. 'ಆ ಉಡ್ಗನ್ ಓದು ನಾನು ಕೆಡಿಸ್ಬುಟ್ನಲ್ಲ. ಖಾಲಿ ಕಾಣ್ತಿತ್ತು, ಸೆರಗಲ್ಲಿ ಬೀಜ ಉಳ್ದಿತ್ತು, ಆಕ್ಬುಟ್ಟೆ. ಏಳಿದ್ರೆ ಅವ್ನ್ ವರ್ಷ ಓಯ್ತದೆ, ಏಳದಿದ್ರೆ ಸುಳ್ಳಾಯ್ತದೆ' ಅಂತ. ಊರಲ್ಲಿ ಯಾರಾದ್ರೂ ನಿಮ್ಮ ಪೇಪರ್ ನೋಡಿ ಬೇಗ ಬಿತ್ತಿದ್ರೆ ಮನೆ ಒಳಗೆ ಬಂದು ಕೂತ್ಬಿಡೋರು. ಹೋಗಿ ಬೇಡ ಅನ್ನೋಕೂ ಆಗ್ತಿರ್ಲಿಲ್ಲ, ಅಂದ್ರೆ ನಿಮ್ಮ ಹೆಸ್ರು ಹೋಗ್ತದೆ ಅಂತ. ಕೊನೇ ದಿನಗಳಲ್ಲೂ ಅದೇ. 'ಗದ್ದೆ ಸಾಗೆ ಗೊತ್ತಿತ್ತಾ, ಇಲ್ವಾ? ಗೊತ್ತಿದ್ರೆ ನಂಗೇನು, ಓದ್ದೋನು, ಸರಿ ಮಾಡ್ಕೊಂಡಿರ್ತಾನೆ. ಗೊತ್ತಿಲ್ದಿದ್ರೆ ಅದು ನನ್ ಪಾಪ.'"

ಅವಳು ಅತ್ತೆಯ ಧ್ವನಿಯಲ್ಲೇ ಹೇಳಿದಳು. ನಡುವೆ ಅತ್ತೆಯ ಹಾಗೆಯೇ ಸೊಂಟಕ್ಕೆ ಕೈ ಕೊಟ್ಟಳು. ಆಮೇಲೆ ತನ್ನ ಧ್ವನಿಗೆ ಬಂದು ಕೇಳಿದಳು:

"ಗೊತ್ತಿತ್ತಾ ಸಾ ನಿಮ್ಗೆ?"

ವರ್ಷಗಟ್ಟಲೆ ಇಬ್ಬರೂ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡಿದ್ದೆವು, ಮೂವತ್ತು ಕಿಲೋಮೀಟರಿನ ಆಚೆ ಈಚೆ. ಅವರು ಅದನ್ನು ಕೇಳಲು ಬಸ್ ನಿಲ್ದಾಣದಲ್ಲಿ ನನ್ನ ತೋಳು ಹಿಡಿದಿದ್ದರು. ನನಗೆ ಹಲವು ಉತ್ತರಗಳು ಹೊಳೆದವು. ಸರಿಯಾಗಿ ನೆನಪಿಲ್ಲ ಎನ್ನಬಹುದಿತ್ತು. ಕೇಳಿಸಿತ್ತು, ಅರ್ಥವಾಗಿರಲಿಲ್ಲ ಎನ್ನಬಹುದಿತ್ತು. ಅದರಲ್ಲಿ ಸ್ವಲ್ಪ ನಿಜವೂ ಇದ್ದಿರಬಹುದು. ಹಾಗೆಂದರೆ ಪಾಪದ ಒಂದು ಪಾಲು ಮತ್ತೆ ಅವರ ಕಡೆ ಹೋಗುತ್ತಿತ್ತು.

"ಗೊತ್ತಿತ್ತು" ಎಂದೆ. "ಅವರೇ ಹೇಳಿದ್ದರು. ಆಗಲೇ, ಗಿಡ ಸಣ್ಣದಿದ್ದಾಗಲೇ. ಅವರದ್ದೇನೂ ತಪ್ಪಿರಲಿಲ್ಲ."

ಅವಳಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಸಾಲಿನ ಕಡೆ ನೋಡಿದಳು. ಬದುವಿನ ಒಂದು ಹುಲ್ಲು ಕಿತ್ತು, ಬೆರಳಿಗೆ ಸುತ್ತಿ, ಬಿಚ್ಚಿದಳು.

"ಹಂಗಾದ್ರೆ ಒಂದ್ಮಾತು ಹೇಳ್ಬೋದಿತ್ತಲ್ಲ ಸಾ" ಎಂದಳು. ಸಿಟ್ಟಿರಲಿಲ್ಲ. "ಅತ್ತೆ ಸುಮ್ನೆ ಅಷ್ಟ್ ವರ್ಷ."

"ಹೇಳಬಹುದಿತ್ತು" ಎಂದೆ. ಅದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.